ಎಚ್‌ಆರ್ ಕೆಲಸ ಬಿಟ್ಟು ನೌಕರರ ಪರ ಲಾಯರ್ ಆಗೋಣ ಅಂತಿದ್ದೇನೆ. ಹುಚ್ಚಾ?

ಎಚ್‌ಆರ್_ಬಿಟ್ಟೋಳು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಎಂಟು ವರ್ಷದಿಂದ ಎಚ್‌ಆರ್ ಕೆಲಸದಲ್ಲಿದ್ದೇನೆ. ವಯಸ್ಸು 36. ಇದನ್ನು ಬಿಟ್ಟು ಲಾ ಓದಿ, ಸಿವಿಲ್ ರೈಟ್ಸ್ ಮತ್ತು ಎಂಪ್ಲಾಯ್‌ಮೆಂಟ್ ಲಾಯರ್ ಆಗಬೇಕು ಅಂತ ಆರು ತಿಂಗಳಿಂದ ತಲೆ ಕೊರೆಯುತ್ತಿದೆ. ಅಂದ್ರೆ ಬಣ್ಣ, ಲಿಂಗ, ಧರ್ಮ, ವಯಸ್ಸು, ಅಂಗವೈಕಲ್ಯ ನೋಡಿ ಕೆಲಸದಲ್ಲಿ ತಾರತಮ್ಯ ಮಾಡಿದರೆ ನೌಕರರ ಪರ ಕೇಸು ಹಾಕುವವರು.

ಕಾರಣ ಹೇಳಿಬಿಡುತ್ತೇನೆ. ಒಬ್ಬಾಕೆಯನ್ನು ಕೆಲಸದಿಂದ ತೆಗೆಯುವ ಮೀಟಿಂಗಿನಲ್ಲಿ ನಾನು ಕೂತಿದ್ದೆ. ಬಸುರಿ ಅಂತ ಆಕೆ ಹೇಳಿ ಮೂರು ವಾರ ಆಗಿತ್ತು ಅಷ್ಟೆ. ಫೈಲಿನಲ್ಲಿ ‘ಕೆಲಸದ ಗುಣಮಟ್ಟ ತೃಪ್ತಿಕರವಾಗಿಲ್ಲ’ ಅಂತಿತ್ತು. ಟೈಪ್ ಮಾಡಿದ್ದು ನಾನೇ. ಕೊರಳಿನ ಬ್ಯಾಡ್ಜ್ ತೆಗೆಯುವಾಗ ಆಕೆಯ ಕೂದಲು ದಾರಕ್ಕೆ ಸಿಕ್ಕಿಕೊಂಡಿತು. ಬಿಡಿಸಿದ್ದೂ ನಾನೇ. ‘ಥ್ಯಾಂಕ್ಸ್’ ಅಂದರು.

ಈ ವಯಸ್ಸಿಗೆ ತಡವಾಯ್ತಾ? ದಿನದ ಕೆಲಸ ಹೇಗಿರುತ್ತದೆ? ಹೊಟ್ಟೆ ತುಂಬುತ್ತದಾ?

ಕಟ್ಟೆ_ಪುರಾಣ · ಸೋಮವಾರ, ರಾತ್ರಿ 10:05

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಹಿರಿಯರು ಸುಮ್ನೆ ಹೇಳಿಲ್ಲ ಮೇಡಂ. ತಿಂಗಳ ಸಂಬಳ ಬರೋ ಕೆಲಸ ಬಿಡಬೇಡಿ.

ಹಳೇ_ಫೈಲು · ಸೋಮವಾರ, ರಾತ್ರಿ 11:30

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ನೌಕರರ ಪರ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ. ಇದು ಯಾರಿಗೂ ಕಾನೂನು ಸಲಹೆ ಅಲ್ಲ.

ಮೊದಲು ಒಂದು ಮಾತು ಮೇಡಂ. ಆ ಮೀಟಿಂಗಿನ ಬಗ್ಗೆ ಇಲ್ಲಿ ಇನ್ನೊಂದು ಸಾಲೂ ಬರೆಯಬೇಡಿ. ನಾಳೆ ಅದು ಕೇಸಾದರೆ ನೀವು ಸಾಕ್ಷಿ.

ಈಗ ದಿನದ ಕೆಲಸ. ಟಿವಿಯಲ್ಲಿ ನೋಡಿದಂತೆ ಎದ್ದು ನಿಂತು ವಾದಿಸುವುದು ವರ್ಷಕ್ಕೆ ಕೆಲವೇ ದಿನ. ಉಳಿದದ್ದೆಲ್ಲ ಫೋನು, ಇಮೇಲು, ಕ್ಯಾಲೆಂಡರು. ನನಗೆ ಇಪ್ಪತ್ತು ಕರೆ ಬಂದರೆ ಒಂದೋ ಎರಡೋ ಕೇಸು ಒಪ್ಪಿಕೊಳ್ಳುತ್ತೇನೆ. ಉಳಿದವರಿಗೆ ‘ಆಗಲ್ಲ’ ಅನ್ನಬೇಕು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಇಲ್ಲಿ ಬಹುತೇಕ ಖಾಸಗಿ ನೌಕರರನ್ನು ಯಾವ ಕಾರಣಕ್ಕಾದರೂ, ಕಾರಣವೇ ಇಲ್ಲದೆಯೂ ತೆಗೆಯಬಹುದು. ಮ್ಯಾನೇಜರ್‌ಗೆ ನಿಮ್ಮ ಮುಖ ಕಂಡರಾಗದು ಅಂತ ತೆಗೆದರೆ ಅದು ಅನ್ಯಾಯ, ಆದರೆ ಕೇಸಲ್ಲ. ನಿಮ್ಮ ಬಣ್ಣ ಕಂಡರಾಗದು ಅಂತ ತೆಗೆದರೆ ಕೇಸು. ನಲವತ್ತು ನಿಮಿಷ ಅತ್ತವರಿಗೆ ಈ ವ್ಯತ್ಯಾಸ ತಿಳಿಸಿ ಹೇಳುವುದೇ ನನ್ನ ವೃತ್ತಿಯ ಅತಿ ಕಷ್ಟದ ಭಾಗ. ಯಾವ ಲಾ ಸ್ಕೂಲಿನಲ್ಲೂ ಇದನ್ನು ಕಲಿಸಲ್ಲ.

ಯಾರೇ ಕರೆ ಮಾಡಲಿ, ನನ್ನ ಮೊದಲ ಪ್ರಶ್ನೆ ‘ಏನಾಯ್ತು’ ಅಲ್ಲ, ‘ಯಾವತ್ತು ಆಯ್ತು’. 1964ರ ಸಿವಿಲ್ ರೈಟ್ಸ್ ಆಕ್ಟ್‌ನ ಏಳನೇ ಭಾಗವೇ ನಮ್ಮ ಮುಖ್ಯ ಆಯುಧ, ಟೈಟಲ್ ಸೆವೆನ್ ಅಂತಾರೆ. 15 ಅಥವಾ ಹೆಚ್ಚು ನೌಕರರಿರುವ ಕಡೆ ಅನ್ವಯ. ಆದರೆ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಇಇಒಸಿ, ಅಂದ್ರೆ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಬೇಕು. ಗಡುವು 180 ದಿನ. ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300 ದಿನ. ಆಮೇಲೆ ಆಯೋಗ ‘ಇನ್ನು ನೀವು ಕೇಸು ಹಾಕಬಹುದು’ ಅಂತ ಪತ್ರ ಕೊಡುತ್ತದೆ. ಅದು ಕೈಸೇರಿದ 90 ದಿನದೊಳಗೆ ಕೋರ್ಟಿನಲ್ಲಿ ಕೇಸು ಬೀಳಬೇಕು. ತಪ್ಪಿತೋ, ಎಂಥ ಗಟ್ಟಿ ಕೇಸಾದರೂ ಅಲ್ಲಿಗೆ ಮುಗಿದಂತೆ.

ಲಿಲಿ ಲೆಡ್‌ಬೆಟರ್ ಕಥೆ ಕೇಳಿರುತ್ತೀರಿ. ಅಲಬಾಮಾದ ಟೈರ್ ಕಾರ್ಖಾನೆಯಲ್ಲಿ 1979ರಿಂದ 1998ರವರೆಗೆ ದುಡಿದವರು. ಅದೇ ಕೆಲಸ ಮಾಡುವ ಗಂಡಸರಿಗೆ ತನಗಿಂತ ಜಾಸ್ತಿ ಸಂಬಳ ಅಂತ ಗೊತ್ತಾಗಿದ್ದು ಕೊನೆಗಾಲದಲ್ಲಿ, ಯಾರೋ ಹೆಸರು ಹಾಕದೆ ಬರೆದಿಟ್ಟ ಒಂದು ಚೀಟಿಯಿಂದ. ಜ್ಯೂರಿ 30 ಲಕ್ಷ ಡಾಲರಿಗೂ ಜಾಸ್ತಿ ಕೊಡಿಸಿತು. ಕಾನೂನಿನ ಮಿತಿಯ ಕಾರಣ ಅದು 3,60,000ಕ್ಕೆ ಇಳಿಯಿತು. 2007ರಲ್ಲಿ ಸುಪ್ರೀಂ ಕೋರ್ಟು 5-4ರಿಂದ ಅದನ್ನೂ ಕಿತ್ತುಕೊಂಡಿತು. ಸಂಬಳ ನಿಗದಿ ಮಾಡಿದ 180 ದಿನದೊಳಗೆ ದೂರು ಕೊಡಬೇಕಿತ್ತಂತೆ. ಗೊತ್ತೇ ಇಲ್ಲದ ವಿಷಯಕ್ಕೆ! 2009ರಲ್ಲಿ ಅವರ ಹೆಸರಿನಲ್ಲೇ ಹೊಸ ಕಾನೂನು ಬಂತು. ಈಗ ತಾರತಮ್ಯದ ಪ್ರತಿಯೊಂದು ಸಂಬಳಕ್ಕೂ ಗಡುವು ಹೊಸದಾಗಿ ಶುರುವಾಗುತ್ತದೆ. ಅವರಿಗೆ ಮಾತ್ರ ಆ ಕೇಸಿನಿಂದ ಒಂದು ಡಾಲರೂ ಸಿಗಲಿಲ್ಲ.

ಮೂರನೇ_ಸಾಲು · ಮಂಗಳವಾರ, ಬೆಳಗ್ಗೆ 7:15

ಅಕ್ಕಾ, ನಾನು ಲಾ ಸ್ಕೂಲ್ ಎರಡನೇ ವರ್ಷ. ನಮ್ಮ ಕ್ಲಾಸಿನಲ್ಲಿ 41 ವರ್ಷದ ನರ್ಸ್ ಇದ್ದಾರೆ, 50 ದಾಟಿದ ನಿವೃತ್ತ ಸೈನಿಕ ಇದ್ದಾರೆ. ವಯಸ್ಸಿನ ಚಿಂತೆ ಬಿಡಿ. ಲಾ ಸ್ಕೂಲಿಗೆ ಸೇರಲು ಎಲ್‌ಸ್ಯಾಟ್ ಪರೀಕ್ಷೆ, ಮೂರು ವರ್ಷ ಓದು (ಸಂಜೆ ಕ್ಲಾಸಾದರೆ ಸಾಮಾನ್ಯವಾಗಿ ನಾಲ್ಕು), ಕೊನೆಗೆ ಲಾಯರ್ ಲೈಸೆನ್ಸಿಗೆ ಬಾರ್ ಪರೀಕ್ಷೆ. ಭಯ ಪಡಬೇಕಾದ್ದು ಸಾಲಕ್ಕೆ.

ನಾನು ಈ ದಾರಿಗೆ ಬಂದಿದ್ದೇ ಜೂಲಿಯಸ್ ಚೇಂಬರ್ಸ್ ಬಗ್ಗೆ ಓದಿ. ನಾರ್ತ್ ಕೆರೊಲಿನಾದವರು, ಹುಟ್ಟಿದ್ದು 1936. ಅಪ್ಪ ಕಪ್ಪು ಮೆಕ್ಯಾನಿಕ್. ಬಿಳಿಯ ಗಿರಾಕಿಯೊಬ್ಬ ಲಾರಿ ರಿಪೇರಿ ಮಾಡಿಸಿಕೊಂಡು ದುಡ್ಡು ಕೊಡಲಿಲ್ಲ. ಅಪ್ಪ ಊರಿನ ಲಾಯರ್‌ಗಳ ಬಾಗಿಲು ತಟ್ಟಿದರು. ಒಬ್ಬನೂ ಕೇಸು ಹಿಡಿಯಲಿಲ್ಲ. ಮಗನನ್ನು ಒಳ್ಳೆ ಶಾಲೆಗೆ ಕಳಿಸಲು ಇಟ್ಟುಕೊಂಡಿದ್ದ ಆಸೆಯೂ ಅದರ ಜೊತೆಗೇ ಹೋಯಿತು. ಹುಡುಗ ಅವತ್ತೇ ಲಾಯರ್ ಆಗಬೇಕು ಅಂತ ನಿಶ್ಚಯ ಮಾಡಿದನಂತೆ.

ಆ ಹುಡುಗ ಮುಂದೆ ರಾಜ್ಯ ವಿಶ್ವವಿದ್ಯಾಲಯದ ಲಾ ಸ್ಕೂಲಿನಲ್ಲಿ ಕ್ಲಾಸಿಗೇ ಮೊದಲು ಬಂದ. 1964ರಲ್ಲಿ ಶಾರ್ಲಟ್‌ನಲ್ಲಿ ಆಫೀಸು ತೆರೆದರು. ಆಮೇಲೆ ಅದು ಬಿಳಿಯರೂ ಕಪ್ಪು ಲಾಯರ್‌ಗಳೂ ಒಟ್ಟಿಗೆ ಕೂತ ರಾಜ್ಯದ ಮೊದಲ ಸಂಸ್ಥೆಯಾಯಿತು. 1965ರಲ್ಲಿ ಅವರ ಕಾರಿಗೆ ಬಾಂಬು. ಅದೇ ವರ್ಷ ನವೆಂಬರಿನಲ್ಲಿ ಮನೆಗೆ ಬಾಂಬು. 1971ರ ಫೆಬ್ರುವರಿಯಲ್ಲಿ ಆಫೀಸಿಗೇ ಬೆಂಕಿ. ಮುಂದಿನ ತಿಂಗಳು, ಮಾರ್ಚ್ 8ಕ್ಕೆ, ಗ್ರಿಗ್ಸ್ ತೀರ್ಪು ಬಂತು. ಆ ಕೇಸಿನ ಲಾಯರ್‌ಗಳ ಪಟ್ಟಿಯಲ್ಲಿ ಇವರೂ ಇದ್ದರು.

ಗ್ರಿಗ್ಸ್ ಗೊತ್ತಲ್ವಾ? ಒಂದು ವಿದ್ಯುತ್ ಸ್ಥಾವರ. ಕಪ್ಪು ನೌಕರರಿಗೆ ಗುಡಿಸುವ, ಹೊರುವ ವಿಭಾಗ ಮಾತ್ರ. ಅಲ್ಲಿನ ಅತಿ ಹೆಚ್ಚು ಸಂಬಳ, ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. ಟೈಟಲ್ ಸೆವೆನ್ ಜಾರಿಗೆ ಬಂದಿದ್ದು 1965ರ ಜುಲೈ 2ಕ್ಕೆ. ಸರಿಯಾಗಿ ಅವತ್ತೇ ಕಂಪನಿ ಒಳ್ಳೆ ವಿಭಾಗಗಳಿಗೆ ಹೊಸದಾಗಿ ಸೇರುವವರಿಗೆ ಲಿಖಿತ ಪರೀಕ್ಷೆ ಇಟ್ಟಿತು! ಬಣ್ಣ ಅನ್ನೋ ಪದವನ್ನೇ ಎತ್ತಲಿಲ್ಲ. ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದ್ದು ಇಷ್ಟು: ಕೆಲಸಕ್ಕೆ ಸಂಬಂಧವಿಲ್ಲದ ಪರೀಕ್ಷೆ ಒಂದು ಜನಾಂಗವನ್ನು ಹೊರಗಿಡುವುದಾದರೆ, ಉದ್ದೇಶ ಏನೇ ಇರಲಿ, ಅದು ಕಾನೂನಿಗೆ ವಿರುದ್ಧ.

ಓದುವಾಗ ಮೈ ಜುಮ್ಮೆನ್ನುತ್ತದೆ ಅಕ್ಕಾ. ಯೋಚಿಸಬೇಡಿ, ಬಂದುಬಿಡಿ.

ಎದುರು_ಬೆಂಚು · ಮಂಗಳವಾರ, ಬೆಳಗ್ಗೆ 10:20

ನಾನು ಕಂಪನಿಗಳ ಪರ ಇದೇ ಕಾನೂನಿನಲ್ಲಿ ಕೆಲಸ ಮಾಡುತ್ತೇನೆ. ಬೈಯುವವರು ಬೈದುಕೊಳ್ಳಿ.

ತಮ್ಮಾ, ಬಾಂಬಿನ ಕಥೆ ಹೇಳಿ 36 ವರ್ಷದವರಿಗೆ ಸಾಲ ಮಾಡಿಸಬೇಡ. ಚೇಂಬರ್ಸ್ ವಾದಿಸಿದ ಇನ್ನೊಂದು ಕೇಸು ನೋಡು. ಅದೇ ರಾಜ್ಯದ ಕಾಗದದ ಕಾರ್ಖಾನೆ, ಆಲ್ಬಮಾರ್ಲ್. ಕೇಸು ಹಾಕಿದ್ದು 1966ರಲ್ಲಿ. ಸುಪ್ರೀಂ ಕೋರ್ಟಿನ ತೀರ್ಪು 1975ರಲ್ಲಿ. ಒಂಬತ್ತು ವರ್ಷ. ಅದೂ ಅಲ್ಲಿಗೆ ಮುಗಿಯದೆ ಕೆಳಗಿನ ಕೋರ್ಟಿಗೆ ವಾಪಸ್. ತಾರತಮ್ಯ ಸಾಬೀತಾದರೆ ಬಾಕಿ ಸಂಬಳ ಸಾಮಾನ್ಯವಾಗಿ ಕೊಡಲೇಬೇಕು ಅನ್ನೋದು ಅಲ್ಲಿ ನಿಂತಿತು, ದೊಡ್ಡ ಗೆಲುವೇ. ಆದರೆ ಒಂಬತ್ತು ವರ್ಷ ಆಫೀಸಿನ ಬಾಡಿಗೆ ಯಾರು ಕಟ್ಟೋದು?

ಮೇಡಂ, ನನ್ನ ಸಲಹೆ ಬೇರೆ. ಮೊದಲು ನಾಲ್ಕೈದು ವರ್ಷ ಕಂಪನಿ ಪರ ಮಾಡಿ. ಸಂಬಳ ಜಾಸ್ತಿ, ಸಾಲ ತೀರುತ್ತದೆ. ಎದುರಿನವರು ಹೇಗೆ ಯೋಚಿಸುತ್ತಾರೆ ಅಂತಲೂ ಗೊತ್ತಾಗುತ್ತದೆ. ಇನ್ನೊಂದು ವಿಷಯ ಯಾರೂ ಹೇಳಲ್ಲ. ನನ್ನ ಅರ್ಧ ಕೆಲಸ ಕೇಸು ಆಗದಂತೆ ತಡೆಯುವುದು. ‘ಆಕೆಯನ್ನು ಈಗ ತೆಗೆಯಬೇಡಿ’ ಅಂತ ಮ್ಯಾನೇಜರ್‌ಗೆ ಫೋನಿನಲ್ಲಿ ಗದರುವುದೂ ನಾನೇ. ಅದು ಯಾವ ತೀರ್ಪಿನಲ್ಲೂ ಬರೆದಿರಲ್ಲ.

ಹಳೇ_ಫೈಲು · ಮಂಗಳವಾರ, ಮಧ್ಯಾಹ್ನ 1:10

ಎದುರು ಬೆಂಚಿನವರು ಹೇಳಿದ್ದು ಅರ್ಧ ಸರಿ. ಆ ಕಡೆ ಹೋಗಿ ಕಲಿತು ಬಂದವರು ನನ್ನ ಗೆಳೆಯರಲ್ಲೇ ಇದ್ದಾರೆ. ಹೋದವರಲ್ಲಿ ಜಾಸ್ತಿ ಜನ ವಾಪಸ್ ಬರಲಿಲ್ಲ ಅನ್ನೋದೂ ನಿಜ. ಮನೆ ಸಾಲ, ಮಕ್ಕಳ ಶಾಲೆ. ತಪ್ಪು ಅಂತಲ್ಲ.

ಆದರೆ ಮೇಡಂಗೆ ಆ ಕಡೆಯ ಪಾಠ ಬೇಕಿಲ್ಲ. ಎಂಟು ವರ್ಷ ಅಲ್ಲೇ ಇದ್ದವರು ಅವರು.

ನಮ್ಮ ಕೇಸುಗಳು ಹೇಗೆ ನಡೆಯುತ್ತವೆ ಹೇಳುತ್ತೇನೆ. 1973ರಲ್ಲಿ ಪರ್ಸಿ ಗ್ರೀನ್ ಅನ್ನೋ ಮೆಕ್ಯಾನಿಕ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಂದು ಮೂರು ಮೆಟ್ಟಿಲಿನ ದಾರಿ ಹಾಕಿಕೊಟ್ಟಿತು. ನೌಕರ ಮೊದಲು ಅನುಮಾನ ಹುಟ್ಟುವಷ್ಟು ತೋರಿಸಬೇಕು. ಆಮೇಲೆ ಕಂಪನಿ ‘ನಾವು ತೆಗೆದಿದ್ದು ಈ ಕಾರಣಕ್ಕೆ’ ಅನ್ನಬೇಕು. ಕೊನೆಗೆ ನೌಕರ ಆ ಕಾರಣ ಬರೀ ನೆಪ ಅಂತ ತೋರಿಸಬೇಕು. ನನ್ನ ಹತ್ತೊಂಬತ್ತು ವರ್ಷ ಸವೆದಿರುವುದು ಬಹುಪಾಲು ಈ ‘ನೆಪ’ ಅನ್ನೋ ಒಂದು ಪದದ ಹಿಂದೆ.

ನೆಪ ಹೇಗೆ ತಯಾರಾಗುತ್ತದೆ ಅಂತ ನಾನು ಹೊರಗಿನಿಂದ ಊಹಿಸಿ ಕಲಿತೆ. ಹಳೇ ವರ್ಷದ ‘ಉತ್ತಮ’ ಅನ್ನೋ ವರದಿ, ದೂರು ಕೊಟ್ಟ ಮಾರನೇ ವಾರ ಏಕಾಏಕಿ ಶುರುವಾಗುವ ಎಚ್ಚರಿಕೆ ಪತ್ರಗಳು, ಹಿಂದಿನ ತಾರೀಖು ಹಾಕಿದ ಟಿಪ್ಪಣಿ. ಮೇಡಂ ಅದನ್ನು ಟೈಪ್ ಮಾಡುವ ಕುರ್ಚಿಯಲ್ಲೇ ಕೂತಿದ್ದವರು. ಫೈಲು ಕೈಗೆ ಬಂದರೆ ಎಲ್ಲಿ ನೋಡಬೇಕು ಅಂತ ಅವರಿಗೆ ಗೊತ್ತು. ಇದು ಮೂರು ವರ್ಷದ ಓದಿನಿಂದ ಬರಲ್ಲ.

ಎಚ್‌ಆರ್_ಬಿಟ್ಟೋಳು · ಮಂಗಳವಾರ, ಸಂಜೆ 6:00

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ಸರ್. ಹೊಗಳಿಕೆಯೋ, ಚುಚ್ಚಿದ್ದೋ ಗೊತ್ತಾಗಲಿಲ್ಲ. ಎರಡೂ ಇರಲಿ.

ದುಡ್ಡಿನ ಮಾತು ಯಾರೂ ಪೂರ್ತಿ ಹೇಳಲಿಲ್ಲ.

ಹಳೇ_ಫೈಲು · ಮಂಗಳವಾರ, ರಾತ್ರಿ 10:45

ಹೇಳುತ್ತೇನೆ. ಕಟ್ಟೆ ಪುರಾಣದವರ ಗಾದೆಗೂ ಉತ್ತರ ಇಲ್ಲೇ ಇದೆ.

ಕೆಲಸ ಕಳೆದುಕೊಂಡವರ ಹತ್ತಿರ ಗಂಟೆ ಲೆಕ್ಕದ ಫೀಸಿಗೆ ದುಡ್ಡು ಎಲ್ಲಿಂದ ಬರಬೇಕು? ಅದಕ್ಕೆ ನಮ್ಮಲ್ಲಿ ಬಹಳ ಮಂದಿ ಗೆದ್ದರೆ ಪಾಲು ಅನ್ನೋ ಒಪ್ಪಂದ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ 40 ಶೇಕಡಾ. ಸೋತರೆ ಸೊನ್ನೆ. ಕೈಯಿಂದ ಹಾಕಿದ ಖರ್ಚೂ ಎಷ್ಟೋ ಸಲ ಹೋದಂತೆಯೇ.

ಟೈಟಲ್ ಸೆವೆನ್ ಪ್ರಕಾರ ಗೆದ್ದ ನೌಕರನ ಲಾಯರ್ ಫೀಸನ್ನು ಕಂಪನಿಯಿಂದ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಪೊಲೀಸ್ ದೌರ್ಜನ್ಯದಂಥ ಸಿವಿಲ್ ರೈಟ್ಸ್ ಕೇಸುಗಳಿಗೂ 1976ರ ಕಾನೂನಿನಿಂದ ಅದು ಬಂತು. ಉಲ್ಟಾ ಹಾಗಲ್ಲ. 1978ರ ಒಂದು ತೀರ್ಪಿನ ಪ್ರಕಾರ, ಬುಡವೇ ಇಲ್ಲದ ಕೇಸು ಹಾಕಿದ್ದರೆ ಮಾತ್ರ ಸೋತ ನೌಕರ ಕಂಪನಿಯ ಲಾಯರ್ ಫೀಸು ಕಟ್ಟಬೇಕಾಗಬಹುದು. ಅಂದ್ರೆ ಸೋತವನು ಸಾಯಬಾರದು ಅಂತಲೇ ಕಾನೂನು ಬರೆದವರು ಯೋಚಿಸಿದ್ದರು.

ಇನ್ನು ಮಿತಿ. 1991ರ ಕಾನೂನು ನೋವಿಗೆ, ದಂಡಕ್ಕೆ ಕೊಡುವ ಪರಿಹಾರಕ್ಕೆ ಮೇಲ್ಮಿತಿ ಹಾಕಿತು. ಚಿಕ್ಕ ಕಂಪನಿಗೆ 50,000 ಡಾಲರ್. 500ಕ್ಕಿಂತ ಜಾಸ್ತಿ ನೌಕರರಿದ್ದರೆ 3,00,000. ಬಾಕಿ ಸಂಬಳ ಇದರ ಹೊರಗೆ. ಅವತ್ತಿನಿಂದ ಇವತ್ತಿನವರೆಗೆ ಆ ಅಂಕಿ ಒಂದು ಡಾಲರೂ ಏರಿಲ್ಲ. ಲಕ್ಷಾಂತರ ಜನ ದುಡಿಯುವ ಕಂಪನಿಗೂ ಅದೇ 3,00,000! ಜನಾಂಗ ತಾರತಮ್ಯವಾದರೆ 1866ರ ಹಳೇ ಕಾನೂನಿನಡಿ ಹೋಗಬಹುದು, ಅದಕ್ಕೆ ಮಿತಿ ಇಲ್ಲ, ಆಯೋಗಕ್ಕೂ ಹೋಗಬೇಕಾಗಿಲ್ಲ. ಕೆಲವು ರಾಜ್ಯಗಳ ಕಾನೂನೂ ಉದಾರವಾಗಿದೆ. ಯಾವ ಕೇಸನ್ನು ಯಾವ ಕಾನೂನಿನಡಿ ಹಾಕಬೇಕು ಅನ್ನೋದೇ ನಮ್ಮ ಕಸುಬು.

ಸರ್ಕಾರದಲ್ಲೋ ಲಾಭರಹಿತ ಸಂಸ್ಥೆಯಲ್ಲೋ ಸೇರಿದರೆ ಇನ್ನೊಂದು ಅನುಕೂಲ. ನಿಯಮದಂತೆ 120 ತಿಂಗಳ ಕಂತು ಕಟ್ಟಿದ ಮೇಲೆ ಉಳಿದ ಫೆಡರಲ್ ಶಿಕ್ಷಣ ಸಾಲ ಮನ್ನಾ. ನನ್ನಂಥ ಖಾಸಗಿ ಆಫೀಸಿಗೆ ಅದು ಸಿಗಲ್ಲ.

ನನ್ನ ಲೆಕ್ಕ? ಮೊದಲ ಐದು ವರ್ಷ ಹೆಂಡತಿಯ ಸಂಬಳದಲ್ಲಿ ಬದುಕಿದ್ದೇನೆ. ಈಗ ಪರವಾಗಿಲ್ಲ.

ಒಂದು ಕೇಸು ಹೇಳಿ ಮಲಗುತ್ತೇನೆ. ಗುರುತು ಸಿಗದಂತೆ ಬದಲಿಸಿದ್ದೇನೆ. ಗೋದಾಮಿನಲ್ಲಿ ದುಡಿಯುತ್ತಿದ್ದ ಒಬ್ಬ ತಾಯಿ. ಸೂಪರ್‌ವೈಸರ್ ಏನೇನು ಅಂದ ಅನ್ನೋದನ್ನೆಲ್ಲ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ, ಆಯಾ ದಿನದ ಚೌಕದೊಳಗೆ, ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಡೆಪೊಸಿಷನ್ ಅಂತ ಇರುತ್ತದೆ, ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಎದುರು ಲಾಯರ್ ಪ್ರಶ್ನೆ ಕೇಳುವುದು. ಫೆಡರಲ್ ಕೋರ್ಟಿನ ಕೇಸಾದರೆ ಒಂದು ದಿನ, ಏಳು ಗಂಟೆ. ಐದನೇ ಗಂಟೆಗೆ ಆ ಲಾಯರ್ ಕೇಳಿದ: ‘ಏಪ್ರಿಲ್‌ನಲ್ಲಿ ಮಾತ್ರ ನೇರಳೆ ಬಣ್ಣದಲ್ಲಿ ಯಾಕೆ ಬರೆದಿದ್ದೀರಿ? ಆಮೇಲೆ ಸೇರಿಸಿದ್ದಾ?’ ಆಕೆ ಒಂದು ಗುಟುಕು ನೀರು ಕುಡಿದು, ‘ಪೆನ್ಸಿಲ್ ಕಳೆದಿತ್ತು. ಮಗನ ಕ್ರೇಯಾನ್ ತಗೊಂಡೆ’ ಅಂದರು. ಕೋಣೆಯಲ್ಲಿ ಟೈಪ್ ಮಾಡುತ್ತಿದ್ದಾಕೆಯ ಬೆರಳು ಒಂದು ಕ್ಷಣ ನಿಂತಿತು. ಎರಡು ವಾರಕ್ಕೆ ಕಂಪನಿ ರಾಜಿಗೆ ಬಂತು.

ಎದುರು_ಬೆಂಚು · ಮಂಗಳವಾರ, ರಾತ್ರಿ 11:20

ಆ ಪ್ರಶ್ನೆ ಕೇಳಿದವನ ಗತಿ ನೆನೆದು ನಗು ಬಂತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಸ್ವಾಮಿ.

ಕೀಲಿಮಣೆ_ಕುಟ್ಟಿ · ಬುಧವಾರ, ಬೆಳಗ್ಗೆ 8:30

ಕಕ್ಷಿದಾರನಾಗಿ ನನ್ನದೂ ಒಂದು ಮಾತು. ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ನನ್ನ ಉಚ್ಚಾರಣೆಯನ್ನು ಮೀಟಿಂಗಿನಲ್ಲಿ ಅಣಕಿಸುತ್ತಿದ್ದರು. ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಕೆಲಸ ಹೋದರೆ 60 ದಿನದಲ್ಲಿ ಬೇರೆ ದಾರಿ ನೋಡಬೇಕು, ಇಲ್ಲದಿದ್ದರೆ ಗಂಟುಮೂಟೆ. ಕೊನೆಗೆ ದೂರು ಕೊಟ್ಟೆ. ಎರಡೇ ತಿಂಗಳಿಗೆ ಒಳ್ಳೆ ಪ್ರಾಜೆಕ್ಟಿನಿಂದ ತೆಗೆದು ಯಾರೂ ಮುಟ್ಟದ ಹಳೇ ಕೋಡಿಗೆ ಹಾಕಿದರು.

ಲಾಯರ್ ಹೇಳಿದ್ದು ಕೇಳಿ ಆಶ್ಚರ್ಯ ಆಯ್ತು. ಅಣಕಿಸಿದ್ದಕ್ಕಿಂತ, ದೂರು ಕೊಟ್ಟ ಮೇಲೆ ಮಾಡಿದ್ದೇ ಗಟ್ಟಿ ಕೇಸಂತೆ. 2006ರಲ್ಲಿ ರೈಲ್ವೆಯ ಫೋರ್ಕ್‌ಲಿಫ್ಟ್ ಓಡಿಸುವ ಹೆಂಗಸೊಬ್ಬರ ಕೇಸು ಇದೆಯಂತೆ. ದೂರು ಕೊಟ್ಟಿದ್ದಕ್ಕೆ ಹಳಿ ಕೆಲಸಕ್ಕೆ ಹಾಕಿದರು, 37 ದಿನ ಸಂಬಳವಿಲ್ಲದೆ ಕೂರಿಸಿದರು. ಇಂಥದ್ದೂ ಸೇಡೇ ಅಂತ ಸುಪ್ರೀಂ ಕೋರ್ಟು ಹೇಳಿತು.

ಅಷ್ಟರಲ್ಲಿ ಇನ್ನೊಂದು ಕಲ್ಲು. ಸೇರುವಾಗ ಕಣ್ಣು ಮುಚ್ಚಿ ಸಹಿ ಹಾಕಿದ ಕಾಗದದಲ್ಲಿ, ಕೋರ್ಟಿಗೆ ಹೋಗಲ್ಲ, ಖಾಸಗಿ ಮಧ್ಯಸ್ಥರ ಮುಂದೆ ಮಾತ್ರ ಹೋಗುತ್ತೇನೆ ಅಂತಿತ್ತು. ಮಧ್ಯಸ್ಥರ ಮುಂದೆಯೇ ಹೋದೆವು. ರಾಜಿ ಆಯ್ತು. ಮೊತ್ತ ಹೇಳುವ ಹಾಗಿಲ್ಲ.

ದುಡ್ಡಿಗಿಂತ ನೆನಪಿರೋದು ಬೇರೆ. ಆ ಲಾಯರ್ ಮೊದಲ ದಿನ ನನ್ನ ಹೆಸರನ್ನು ಎರಡು ಸಲ ಕೇಳಿ, ಸರಿಯಾಗಿ ಹೇಳಲು ಕಲಿತರು.

ಮೂರನೇ_ಸಾಲು · ಬುಧವಾರ, ಬೆಳಗ್ಗೆ 9:00

ಸಹಿ ಹಾಕಿದ ಕಾಗದದ ಬಗ್ಗೆ ಒಂದು ಸೇರ್ಪಡೆ. ಲೈಂಗಿಕ ಕಿರುಕುಳದ ಕೇಸಾದರೆ 2022ರ ಕಾನೂನಿನ ನಂತರ ಹಾಗೆ ಕಟ್ಟಿಹಾಕಲು ಆಗಲ್ಲ, ನೌಕರ ಬಯಸಿದರೆ ಕೋರ್ಟಿಗೇ ಹೋಗಬಹುದು.

ಸರ್, ಜಾತಿ ವಿಷಯ? ನಮ್ಮವರೇ ನಮ್ಮವರಿಗೆ ಮಾಡಿದರೆ?

ಹಳೇ_ಫೈಲು · ಬುಧವಾರ, ಮಧ್ಯಾಹ್ನ 12:40

ಕೇಳಬೇಕಾದ ಪ್ರಶ್ನೆ. ಟೈಟಲ್ ಸೆವೆನ್‌ನಲ್ಲಿ ಜಾತಿ ಅನ್ನೋ ಪದ ಇಲ್ಲ. ವಂಶ, ಜನಾಂಗ, ರಾಷ್ಟ್ರಮೂಲ, ಧರ್ಮ ಇವುಗಳೊಳಗೆ ಸೇರಿಸಿ ವಾದಿಸಬೇಕು. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಒಂದು ದೊಡ್ಡ ಟೆಕ್ ಕಂಪನಿಯ ಮೇಲೆ ಇಂಥ ಕೇಸು ಹಾಕಿತು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆ ಸದನದಲ್ಲಿ ಪಾಸಾಗಿಯೂ ಗವರ್ನರ್ ಸಹಿ ಹಾಕಲಿಲ್ಲ. ಅಡ್ಡಹೆಸರು ಕೇಳಿದ್ದು ಯಾಕೆ, ‘ಮನೆಯಲ್ಲಿ ಏನು ತಿಂತೀರಿ’ ಅಂದಿದ್ದರ ಅರ್ಥ ಏನು ಅಂತ ಇಲ್ಲಿನ ಜಡ್ಜ್‌ಗೆ ಬಿಡಿಸಿ ಹೇಳಬಲ್ಲ ಲಾಯರ್‌ಗಳು ಕಡಿಮೆ. ಮೇಡಂ, ನಿಮಗೆ ಇನ್ನೊಂದು ಕಾರಣ.

ಸುಮ್ನೆ_ಓದುಗ · ಬುಧವಾರ, ರಾತ್ರಿ 9:55

ಕ್ಷಮಿಸಿ, ಮಧ್ಯ ಬಾಯಿ ಹಾಕುತ್ತಿದ್ದೇನೆ. ಇಲ್ಲಿವರೆಗೆ ಬರೀ ಓದುತ್ತಿದ್ದೆ. ಸೋಮವಾರ 90 ದಿನ ಅಂತ ಓದಿದಾಗಿನಿಂದ ನಿದ್ದೆ ಇಲ್ಲ. ನನ್ನ ತಂಗಿಗೆ ಆಯೋಗದಿಂದ ಅಂಥದ್ದೇ ಪತ್ರ ಬಂದಿದೆ. ಆನ್‌ಲೈನ್ ಪೋರ್ಟಲ್‌ನಲ್ಲಿ. ಇಮೇಲ್ ಬಂದು ಇವತ್ತಿಗೆ 84 ದಿನ. ಅವಳು ತೆರೆದು ನೋಡಿದ್ದು ಹೋದ ತಿಂಗಳು. ಅಲ್ಲಿಂದ ಎಣಿಸಬಹುದಲ್ವಾ?

ಹಳೇ_ಫೈಲು · ಬುಧವಾರ, ರಾತ್ರಿ 10:02

ಇಲ್ಲ. ಇಮೇಲ್ ಬಂದ ದಿನದಿಂದಲೇ ಎಣಿಸಿ. ಮಂಗಳವಾರ ಕೊನೆ ಅಂತ ಇಟ್ಟುಕೊಳ್ಳಿ, ಸೋಮವಾರವೇ ಕೊನೆ ಅಂದುಕೊಂಡು ಓಡಾಡಿ. ನಿಮ್ಮ ರಾಜ್ಯದ ಬಾರ್ ಅಸೋಸಿಯೇಷನ್‌ನ ಲಾಯರ್ ಹುಡುಕಿಕೊಡುವ ವಿಭಾಗಕ್ಕೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕರೆ ಮಾಡಿ. ಮೊದಲ ಮಾತೇ ‘90 ದಿನದ ಪತ್ರ, ಇಂಥ ದಿನ ಮುಗಿಯುತ್ತದೆ’ ಅಂತಿರಲಿ. ಕಥೆ ಆಮೇಲೆ. ಯಾರೂ ಸಿಗದಿದ್ದರೆ ಲಾಯರ್ ಇಲ್ಲದೆಯೂ ಆಕೆಯೇ ಫೆಡರಲ್ ಕೋರ್ಟಿನ ಕ್ಲರ್ಕ್ ಹತ್ತಿರ ಫಾರಂ ತುಂಬಿ ಕೇಸು ದಾಖಲಿಸಬಹುದು. ಫೀಸು ಕಟ್ಟಲು ಆಗದವರಿಗೆ ವಿನಾಯಿತಿಯ ಅರ್ಜಿಯೂ ಇದೆ. ಇಲ್ಲಿ ಹೆಸರು, ಕಂಪನಿ ಏನೂ ಬರೆಯಬೇಡಿ.

ಎದುರು_ಬೆಂಚು · ಬುಧವಾರ, ರಾತ್ರಿ 10:09

ಅವರು ಹೇಳಿದ್ದು ಅಕ್ಷರಶಃ ಮಾಡಿ. ಒಂದು ದಿನ ತಡವಾದರೂ ನನ್ನಂಥವನು ಮೊದಲು ಹಾಕುವ ಅರ್ಜಿ ಅದರ ಮೇಲೆಯೇ.

ಎಚ್‌ಆರ್_ಬಿಟ್ಟೋಳು · ಬುಧವಾರ, ರಾತ್ರಿ 10:15

ತಂಗಿಯ ಹತ್ತಿರ ಇರುವ ಕಾಗದ ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿ ಇಡಿ. ಹಳೇ ವರ್ಷದ ಮೌಲ್ಯಮಾಪನ ವರದಿಗಳು ಮೇಲೆ ಇರಲಿ. ಮೊದಲ ಎಚ್ಚರಿಕೆ ಪತ್ರ ಯಾವತ್ತಿನದು, ಆಕೆ ದೂರು ಕೊಟ್ಟಿದ್ದು ಯಾವತ್ತು, ಆ ಎರಡು ತಾರೀಖು ಒಂದು ಚೀಟಿಯಲ್ಲಿ ಬರೆದು ಮುಂದೆ ಅಂಟಿಸಿ.

ಸುಮ್ನೆ_ಓದುಗ · ಶುಕ್ರವಾರ, ಸಂಜೆ 5:30

ಒಬ್ಬರು ಒಪ್ಪಿಕೊಂಡರು. ಇವತ್ತು ಮಧ್ಯಾಹ್ನ 3:12ಕ್ಕೆ ಕೇಸು ದಾಖಲಾಯ್ತು, ನಂಬರೂ ಬಂತು. ಆ ಚೀಟಿ ನೋಡಿ, ಇದನ್ನು ಜೋಡಿಸಿದ್ದು ಯಾರು ಅಂತ ಲಾಯರ್ ಕೇಳಿದರಂತೆ. ತಂಗಿಗೆ ನಿಮ್ಮ ಹೆಸರು ಗೊತ್ತಿಲ್ಲ ಮೇಡಂ. ‘ನಮ್ಮ ಕಡೆಯ ಒಬ್ಬ ಲಾಯರ್’ ಅಂದುಬಿಟ್ಟಿದ್ದಾಳೆ.